ಜಾರಿ ಬೀಳದ ಆಟಿಕೆ ಯಾವುದು? ದೂರದ ಕಾರು ಪ್ರಯಾಣಕ್ಕೆ ಮಕ್ಕಳ ಸಾಮಾನುಗಳ ವಿಮರ್ಶೆ

ಮನೆಯಲ್ಲಿ ಗಂಟೆಗಟ್ಟಲೆ ಆಡಿಸುವ ಆಟಿಕೆ ಕಾರಿನಲ್ಲಿ ಐದು ನಿಮಿಷಕ್ಕೇ ಕೈಬಿಟ್ಟುಬಿಡುತ್ತದೆ. ಆಟಿಕೆ ಕೆಟ್ಟದ್ದು ಅಂತಲ್ಲ, ಮಗು ಕೂತಿರುವ ಭಂಗಿಯೇ ಬೇರೆ. ಬೆಲ್ಟ್ ಬಿಗಿದು ಕೂತ ಮಗುವಿಗೆ ಬಗ್ಗಲು ಬರುವುದಿಲ್ಲ. ಕೈಯಿಂದ ಜಾರಿದ ಪೆನ್ನು ಕಾಲಬುಡಕ್ಕೆ ಬಿತ್ತೆಂದರೆ ಅದರ ಪಾಲಿಗೆ ಪೆನ್ನು ಕಳೆದೇ ಹೋಯಿತು. ಅಲ್ಲಿಂದ ಅಳು ಶುರು. ಮುಂದೆ ಕೂತವರು ಹಿಂದಕ್ಕೆ ತಿರುಗಿ ಸೀಟಿನಡಿ ತಡಕಾಡಬೇಕು, ಓಡಿಸುವವರ ಕಣ್ಣು ರಸ್ತೆ ಬಿಟ್ಟು ಕನ್ನಡಿಗೆ ಹೋಗುತ್ತದೆ. ಹಾಗಾಗಿ ಇಲ್ಲಿ ಪ್ರತಿ ಸಾಮಾನನ್ನೂ ಎರಡೇ ಪ್ರಶ್ನೆ ಕೇಳಿ ತೂಗಿದ್ದೇವೆ: ಇದು ಬೀಳುತ್ತದೆಯೇ? ಇದಕ್ಕಾಗಿ ಮಗು ಎಷ್ಟು ಹೊತ್ತು ತಲೆ ತಗ್ಗಿಸಿ ಕೂರಬೇಕು? ಮೊದಲನೆಯದರಲ್ಲಿ ಸೋತರೆ ಅಳು, ಎರಡನೆಯದರಲ್ಲಿ ಸೋತರೆ ವಾಂತಿ. ಮಗುವಿಗೆ ಅದು ಎಷ್ಟು ಇಷ್ಟ ಎನ್ನುವ ಪ್ರಶ್ನೆ ಇವೆರಡರ ನಂತರದ್ದು.

ಏನನ್ನೇ ಕೊಳ್ಳುವ ಮೊದಲು ಒಂದು ಅಳತೆ ತೆಗೆದುಕೊಳ್ಳಿ. ನಿಂತ ಕಾರಿನಲ್ಲಿ ಮಗುವನ್ನು ಅದರ ಸೀಟಿನಲ್ಲಿ ಕೂರಿಸಿ, ಪ್ರಯಾಣದಲ್ಲಿ ಹೇಗೋ ಹಾಗೆಯೇ ಬೆಲ್ಟ್ ಬಿಗಿದು, ಎರಡೂ ಕೈ ಮುಂದಕ್ಕೆ ಚಾಚಿಸಿ. ಬೆರಳ ತುದಿಯಿಂದ ಮುಂದಿನ ಸೀಟಿನ ಬೆನ್ನಿಗೆ ಎಷ್ಟು ದೂರವಿದೆ ನೋಡಿ. ಪುಟ್ಟ ಮಕ್ಕಳ ಕೈ ಅಲ್ಲಿಗೆ ಮುಟ್ಟುವುದೇ ಇಲ್ಲ, ಒಂದು ಗೇಣಾದರೂ ಬಾಕಿ ಉಳಿಯುತ್ತದೆ. ಸೀಟಿನ ಬೆನ್ನಿಗೆ ನೇತುಹಾಕುವ ಹತ್ತು ಜೇಬಿನ ಚೀಲ ಅಂಗಡಿಯಲ್ಲಿ ಚೆನ್ನಾಗಿ ಕಂಡು ಕಾರಿನಲ್ಲಿ ಕೆಲಸಕ್ಕೆ ಬಾರದೆ ಹೋಗುವುದು ಇದೇ ಕಾರಣಕ್ಕೆ. ಜೇಬಿನಲ್ಲಿ ಏನಿದೆ ಎಂದು ಮಗು ನೋಡುತ್ತದೆ, ಬೇಕು ಎನ್ನುತ್ತದೆ, ಕೈ ಎಟಕುವುದಿಲ್ಲ. ಅದು ದೊಡ್ಡವರ ಉಗ್ರಾಣವೆಂದು ತಿಳಿದು ಒದ್ದೆ ಟಿಶ್ಯೂ, ವಾಂತಿ ಚೀಲ, ಒಂದು ಜೊತೆ ಬಟ್ಟೆ ಇಡಲು ಬಳಸಿದರೆ ಸರಿ. ಕೆಳಗಿನ ಜೇಬಿಗೆ ನೀರಿನ ಬಾಟಲಿ ತುಂಬಿದರೆ ಮೇಲಿನ ಪಟ್ಟಿ ಜಗ್ಗಿ ಇಡೀ ಚೀಲ ಜೋತುಬೀಳುತ್ತದೆ. ಭಾರವಾದದ್ದೆಲ್ಲ ಕೆಳಗೆ, ಕಾಲಿಡುವ ಜಾಗದಲ್ಲಿ ಇರಲಿ. ಎಂಟು ಒಂಬತ್ತು ದಾಟಿದ ಮಕ್ಕಳಿಗೆ ಮಾತ್ರ ಈ ಚೀಲ ನಿಜವಾಗಿ ಅವರದೇ ಆಗುತ್ತದೆ.

ಮಡಿಲ ಟ್ರೇ

ಕೈಯಲ್ಲಿ ಆಡುವುದಕ್ಕೆಂದು ಒಂದೇ ಒಂದು ಸಾಮಾನು ಕೊಳ್ಳುವುದಿದ್ದರೆ ಇದನ್ನು ಕೊಳ್ಳಿ. ಮಗುವಿನ ತೊಡೆಯ ಮೇಲೆ ಕೂರುವ ಬಟ್ಟೆಯ ತಟ್ಟೆ ಇದು. ಸುತ್ತಲೂ ಸ್ಪಂಜು ತುಂಬಿದ ಗೋಡೆ, ಪಕ್ಕದಲ್ಲಿ ಬಲೆಯ ಜೇಬುಗಳು, ಸೊಂಟದ ಹಿಂದೆ ಹೋಗುವ ಒಂದು ಪಟ್ಟಿ. ಸುಮಾರು 40 ಸೆ.ಮೀ. ಅಗಲ, 30 ಸೆ.ಮೀ. ಆಳದ್ದು ಹೆಚ್ಚಿನ ಚೈಲ್ಡ್ ಸೀಟುಗಳಿಗೆ ಹೊಂದುತ್ತದೆ. ಅದಕ್ಕಿಂತ ಅಗಲವಾದದ್ದು ಸೀಟಿನ ಎರಡು ಕೈಗಳ ಮೇಲೆ ಏರಿ ಕೂತು ಅಲ್ಲಾಡುತ್ತದೆ.

ಗೋಡೆಯ ಎತ್ತರ ಮುಖ್ಯ. ಎರಡು ಸೆ.ಮೀ. ಗೋಡೆಯನ್ನು ಕ್ರೇಯಾನ್ ಒಂದೇ ತಿರುವಿನಲ್ಲಿ ಹಾರಿ ದಾಟುತ್ತದೆ. ನಾಲ್ಕರಿಂದ ಐದು ಸೆ.ಮೀ. ಇರಲಿ, ಗೋಡೆ ತಾನಾಗಿ ನಿಲ್ಲುವಷ್ಟು ಗಡುಸಾಗಿರಲಿ. ಅಂಗಡಿಯಲ್ಲಿ ಪರೀಕ್ಷೆ ಸುಲಭ: ಅಂಗೈಯಿಂದ ಗೋಡೆಯನ್ನು ಒತ್ತಿ ಬಿಡಿ. ಥಟ್ಟನೆ ಎದ್ದು ನಿಂತರೆ ಒಳ್ಳೆಯದು, ಮಡಿಚಿಕೊಂಡೇ ಇದ್ದರೆ ಮೂರನೆಯ ಪ್ರಯಾಣದ ಹೊತ್ತಿಗೆ ಪೂರ್ತಿ ಮಲಗಿರುತ್ತದೆ. ಮಗುವಿನ ಕಡೆಯ ಗೋಡೆ ಮಾತ್ರ ತುಸು ತಗ್ಗಿರಬೇಕು, ಇಲ್ಲವಾದರೆ ಮಣಿಕಟ್ಟು ಒತ್ತಿ ಕೈ ನೋಯುತ್ತದೆ.

ತಳದ ಹಲಗೆಯನ್ನೂ ಹೊರಗೆಳೆದು ನೋಡಿ. ಅಗ್ಗದ ಟ್ರೇಗಳಲ್ಲಿ ಅದು ರಟ್ಟು. ಒಂದು ಸಲ ನೀರು ಚೆಲ್ಲಿದರೆ ಉಬ್ಬಿ, ಒಣಗುವಾಗ ಬಾಗಿ, ನಡು ಗುಳಿಬೀಳುತ್ತದೆ. ಆಮೇಲೆ ಇಟ್ಟದ್ದೆಲ್ಲ ನಡುವಿಗೇ ಉರುಳುತ್ತದೆ. ತೆಳು ಪ್ಲಾಸ್ಟಿಕ್ ಹಾಳೆಯಿದ್ದು, ಅದನ್ನು ಜಿಪ್ ಬಿಚ್ಚಿ ತೆಗೆಯಲು ಬರುವಂತಿದ್ದರೆ ಬಟ್ಟೆಯನ್ನು ತೊಳೆಯಬಹುದು. ರಟ್ಟಿನದ್ದೇ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ, ಹಳೆಯ ಪ್ಲಾಸ್ಟಿಕ್ ಫೈಲಿನ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿ ಒಳಗೆ ತುರುಕಿದರೆ ಸಾಕು.

ಎಲ್ಲ ಟ್ರೇಗಳಿಗೂ ಇರುವ ಒಂದು ತೊಂದರೆ ಓಲುವುದು. ಚೈಲ್ಡ್ ಸೀಟು ಮಗುವಿನ ಮೊಣಕಾಲನ್ನು ಸೊಂಟಕ್ಕಿಂತ ಮೇಲೆತ್ತುವುದರಿಂದ ಟ್ರೇ ಹೊಟ್ಟೆಯ ಕಡೆಗೆ ಇಳಿಜಾರಾಗಿ, ಬಣ್ಣದ ಕಡ್ಡಿಗಳೆಲ್ಲ ಮಡಿಲಿಗೆ ಉರುಳುತ್ತವೆ. ಸಣ್ಣ ಟವೆಲನ್ನು ಸುರುಳಿ ಸುತ್ತಿ ಹೊಟ್ಟೆಯ ಕಡೆಯ ಅಂಚಿನಡಿ ಕೊಟ್ಟರೆ ಮಟ್ಟವಾಗುತ್ತದೆ. ತಳದ ಮೇಲೆ ಪಾತ್ರೆ ಕಪಾಟಿಗೆ ಹಾಸುವ ಜಾರದ ರಬ್ಬರ್ ಬಲೆಯನ್ನು ಒಂದು ಪದರ ಹಾಸಿದರೆ ಅರ್ಧ ಸಾಮಾನು ಇದ್ದಲ್ಲೇ ಇರುತ್ತದೆ. ಟ್ರೇ ಮಾರುವವರು ಇದನ್ನು ಜೊತೆಗೇ ಯಾಕೆ ಕೊಡುವುದಿಲ್ಲವೋ ತಿಳಿಯದು, ಅಷ್ಟು ದೊಡ್ಡ ವ್ಯತ್ಯಾಸ ಇದರಿಂದ.

ಸುರಕ್ಷತೆಯ ಮಾತು ಇಲ್ಲಿಯೇ ಹೇಳಬೇಕು. ಚೈಲ್ಡ್ ಸೀಟಿನ ತಯಾರಕರಲ್ಲಿ ಹೆಚ್ಚಿನವರು ತಾವು ಪರೀಕ್ಷಿಸದ ಬಿಡಿ ಸಾಮಾನನ್ನು ಸೀಟಿಗೆ ಕಟ್ಟಬೇಡಿ ಎಂದು ಕೈಪಿಡಿಯಲ್ಲೇ ಬರೆದಿರುತ್ತಾರೆ, ಅದನ್ನು ಓದಿ. ಟ್ರೇಯ ಪಟ್ಟಿ ಯಾವ ಕಾರಣಕ್ಕೂ ಬೆಲ್ಟಿನ ಅಡಿಯಲ್ಲಿ ಹೋಗಬಾರದು. ಬೆಲ್ಟು ಮಗುವಿನ ಮೈಗೆ ಅಂಟಿಕೊಂಡಿರಬೇಕು. ನಡುವೆ ದಪ್ಪ ಪಟ್ಟಿ ಸೇರಿದರೆ ಅಷ್ಟು ಸಡಿಲ ಉಳಿಯುತ್ತದೆ, ಗುದ್ದಿದ ಕ್ಷಣದಲ್ಲಿ ಮಗು ಅಷ್ಟು ಮುಂದಕ್ಕೆ ಹೋಗುತ್ತದೆ. ಟ್ರೇಯ ಬಕಲು ಒಂದೇ ಕೈಯಲ್ಲಿ ಬಿಚ್ಚುವಂತಿರಲಿ, ಚೈಲ್ಡ್ ಸೀಟಿನ ಬಕಲಿಗೆ ಅದು ಅಡ್ಡ ಬರಬಾರದು. ಗಟ್ಟಿ ಪ್ಲಾಸ್ಟಿಕ್ ಅಥವಾ ಮರದ ಟ್ರೇಗಳನ್ನು ನಾವು ಶಿಫಾರಸು ಮಾಡುವುದಿಲ್ಲ, ಅವುಗಳ ಅಂಚು ಸರಿಯಾಗಿ ಮಗುವಿನ ಹೊಟ್ಟೆ, ಎದೆಯ ಮಟ್ಟದಲ್ಲಿರುತ್ತದೆ. 50 ಕಿ.ಮೀ. ವೇಗದ ಕಾರು ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ, ಅದರೊಡನೆ ನಿಲ್ಲಬೇಕಾದ ಪ್ರತಿ ವಸ್ತುವಿನ ಮೇಲೂ ಅದರ ತೂಕದ ಸುಮಾರು 20 ಪಟ್ಟು ಬಲ ಬೀಳುತ್ತದೆ. 600 ಗ್ರಾಮಿನ ಟ್ಯಾಬು ಆ ಹೊತ್ತಿಗೆ 12 ಕಿಲೋ ಭಾರದಂತೆ ಎಳೆಯುತ್ತದೆ. ಎಲ್ಲೂ ಕಟ್ಟಿರದಿದ್ದರೆ ಅದು ನಿಲ್ಲುವುದೇ ಇಲ್ಲ, ಅದೇ 50ರ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಆಟಿಕೆ ಜೋಡಿಸಿಡುವ ಅಭ್ಯಾಸವಿದ್ದರೆ ಇವತ್ತೇ ತೆಗೆಯಿರಿ.

ಟ್ರೇಯ ಮೇಲೆ ಏನಿಡಬೇಕು

ಬರೆದು ಅಳಿಸುವ ಸ್ಲೇಟುಗಳಲ್ಲಿ ಎರಡು ಜಾತಿ. ಹಳೆಯದು ಅಯಸ್ಕಾಂತದ್ದು, 1974ರಲ್ಲಿ ಜಪಾನಿನ ಪೈಲಟ್ ಕಂಪನಿಯಿಂದ ಬಂದ ಮ್ಯಾಗ್ನಾ ಡೂಡಲ್ ಮಾದರಿ. ಜೇನುಗೂಡಿನಂಥ ಕೋಣೆಗಳಲ್ಲಿ ದಪ್ಪನೆಯ ಬಿಳಿ ದ್ರವ, ಅದರಲ್ಲಿ ಕಬ್ಬಿಣದ ಕಪ್ಪು ಪುಡಿ. ಪೆನ್ನಿನ ತುದಿಯ ಅಯಸ್ಕಾಂತ ಪುಡಿಯನ್ನು ಮೇಲಕ್ಕೆಳೆದರೆ ಗೆರೆ ಮೂಡುತ್ತದೆ, ಹಿಂಬದಿಯ ಪಟ್ಟಿ ಸರಿದರೆ ಪುಡಿ ಕೆಳಗಿಳಿದು ಗೆರೆ ಮಾಯ. ಎರಡರಿಂದ ನಾಲ್ಕು ವರ್ಷದವರಿಗೆ ಇದು ಇವತ್ತಿಗೂ ಅತ್ಯುತ್ತಮ, ಏಕೆಂದರೆ ಪೆನ್ನು ದಾರಕ್ಕೆ ಕಟ್ಟಿಕೊಂಡೇ ಇರುತ್ತದೆ. ಕೆಡುವುದು ಎರಡು ಕಡೆ. ಅಳಿಸುವ ಹಿಡಿಯನ್ನು ಮಗು ಓರೆಯಾಗಿ ಎಳೆದಾಗ ಒಳಗಿನ ಪಟ್ಟಿ ಕಳಚಿ ಒಂದು ಪಕ್ಕ ಮಾತ್ರ ಅಳಿಸುತ್ತದೆ. ಇನ್ನೊಂದು, ಗಟ್ಟಿಯಾಗಿ ಒತ್ತಿದ ಜಾಗದಲ್ಲಿ ನೆರಳಿನಂಥ ಕಲೆ ನಿಲ್ಲುತ್ತದೆ. ಹಿಡಿಯನ್ನು ಒಂದೇ ಎಳೆತದಲ್ಲಿ ಈ ತುದಿಯಿಂದ ಆ ತುದಿಗೆ ಎಳೆಯಲು ಮೊದಲೇ ಕಲಿಸಿ. ಜೊತೆಗೆ ಬರುವ ಪುಟ್ಟ ಆಕಾರದ ಅಚ್ಚುಗಳನ್ನು ಮನೆಯಲ್ಲೇ ಬಿಡಿ, ಕಾರಿನಲ್ಲಿ ಮೊದಲು ಬೀಳುವುದು ಅವೇ.

ಹೊಸದು ಎಲ್‌ಸಿಡಿ ಸ್ಲೇಟು. ತೆಳ್ಳಗೆ, ಹಗುರ, ಕಪ್ಪು ಹಲಗೆಯ ಮೇಲೆ ಹಸಿರು ಅಥವಾ ಬಣ್ಣದ ಗೆರೆ. ಒತ್ತಡಕ್ಕೆ ಒಳಗಿನ ದ್ರವಸ್ಫಟಿಕ ಮಗ್ಗುಲು ಬದಲಿಸಿ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಬರೆಯಲು ವಿದ್ಯುತ್ ಬೇಡ, ಅಳಿಸುವ ಗುಂಡಿ ಒತ್ತಿದಾಗ ಮಾತ್ರ ಸೆಲ್ ಖರ್ಚಾಗುತ್ತದೆ. ಆದ್ದರಿಂದ ಒಂದೇ ಸೆಲ್ಲು ತುಂಬ ಕಾಲ ಬಾಳುತ್ತದೆ. ಆದರೆ ಆ ಸೆಲ್ಲೇ ಇದರ ಅಪಾಯ. ಗುಂಡಿಯಾಕಾರದ ಸೆಲ್ಲನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ ಅದು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಸ್ಲೇಟನ್ನು ಕೊಳ್ಳಲೇಬೇಡಿ, ಇದ್ದರೂ ಪ್ರಯಾಣಕ್ಕೆ ಮೊದಲು ಒಮ್ಮೆ ತಿರುಗಿಸಿ ಬಿಗಿ ನೋಡಿ. ತಪ್ಪಾದ ಒಂದು ಗೆರೆಯನ್ನಷ್ಟೇ ಅಳಿಸಲು ಹೆಚ್ಚಿನವುಗಳಲ್ಲಿ ಆಗುವುದಿಲ್ಲ, ಇಡೀ ಚಿತ್ರವೇ ಹೋಗುತ್ತದೆ. ನಾಲ್ಕೈದು ವರ್ಷದ, ಮನಸ್ಸಿಟ್ಟು ಬಿಡಿಸುವ ಮಕ್ಕಳಿಗೆ ಇದು ದುಃಖದ ವಿಷಯ. ಅಡ್ಡಗೆರೆ ಸೊನ್ನೆ ಆಟ, ಚುಕ್ಕಿ ಸೇರಿಸಿ ಚೌಕ ಮಾಡುವ ಆಟ ಬಲ್ಲ ಆರು ದಾಟಿದವರಿಗೆ ಮಾತ್ರ ಹೇಳಿ ಮಾಡಿಸಿದ್ದು. ಎರಡು ಜಾತಿಯವಕ್ಕೂ ತಮ್ಮದೇ ಬೆಳಕಿಲ್ಲ. ಕತ್ತಲಾದ ಮೇಲೆ ಎರಡನ್ನೂ ಒಳಗಿಡಿ.

ನೀರಿನ ಪೆನ್ನಿನ ಪುಸ್ತಕಗಳು, ಮೆಲಿಸ್ಸಾ ಆ್ಯಂಡ್ ಡಗ್ ಕಂಪನಿಯ ‘ವಾಟರ್ ವಾವ್’ ಮತ್ತು ಅದೇ ಬಗೆಯ ಬೇರೆಯವು, ಎರಡೂವರೆಯಿಂದ ನಾಲ್ಕು ವರ್ಷದವರಿಗೆ ಒಪ್ಪುತ್ತವೆ. ಹಾಳೆಯ ಬಿಳಿ ಲೇಪ ಒದ್ದೆಯಾದಾಗ ಪಾರದರ್ಶಕವಾಗಿ ಕೆಳಗಿನ ಬಣ್ಣ ಕಾಣುತ್ತದೆ, ಒಣಗಿದಾಗ ಮತ್ತೆ ಬಿಳಿ. ಸೀಟಿಗೆ ಕಲೆ ಆಗುವ ಭಯವೇ ಇಲ್ಲ. ಆದರೆ ಇದರಿಂದ ಎಷ್ಟು ಹೊತ್ತು ಸಿಗುತ್ತದೆ ಎನ್ನುವ ಲೆಕ್ಕ ಗೊತ್ತಿರಲಿ. ಒಂದು ಹಾಳೆ ಮೂರ್ನಾಲ್ಕು ನಿಮಿಷ, ನಾಲ್ಕು ಹಾಳೆಯ ಪುಸ್ತಕ ಒಂದು ಸುತ್ತಿಗೆ ಕಾಲು ಗಂಟೆ. ಎಸಿ ಗಾಳಿಗೆ ಹಾಳೆ ಬೇಗ ಒಣಗುವುದರಿಂದ ಎರಡನೆಯ ಸುತ್ತೂ ಸಿಗುತ್ತದೆ, ತೇವದ ಹವೆಯಲ್ಲಿ ಕಿಟಕಿ ತೆರೆದು ಹೋಗುವಾಗ ಕಾಯಬೇಕು. ಪೆನ್ನಿಗೆ ಮುಕ್ಕಾಲು ಭಾಗವಷ್ಟೇ ನೀರು ತುಂಬಿ. ಪೂರ್ತಿ ತುಂಬಿ ಮುಚ್ಚಳ ಬಿಗಿದರೆ ಒಳಗಿನ ಒತ್ತಡಕ್ಕೆ ತುದಿಯಿಂದ ತೊಟ್ಟಿಕ್ಕುತ್ತದೆ, ಹಾಳೆ ಕ್ಷಣದಲ್ಲಿ ತೊಯ್ದು ಆಟವೇ ಮುಗಿಯುತ್ತದೆ. ಒಂದು ಹೆಚ್ಚಿನ ಪೆನ್ನು ಮುಂದಿನ ಸೀಟಿನವರ ಬಳಿ ಇರಲೇಬೇಕು.

ಸ್ಟಿಕ್ಕರುಗಳಲ್ಲಿ ಅಂಟಿಲ್ಲದ ವಿನೈಲ್ ಬಗೆಯದು ಉತ್ತಮ. ಸ್ವಚ್ಛವಾದ ಪಕ್ಕದ ಗಾಜಿಗೆ ಅಂಟಿಸಿ ಕಿತ್ತು ಮತ್ತೆ ಅಂಟಿಸಬಹುದು. ಮಗುವಿನ ತಲೆ ಮೇಲೆದ್ದೇ ಇರುತ್ತದೆ ಎನ್ನುವುದು ಇದರ ದೊಡ್ಡ ಗುಣ, ಪುಸ್ತಕದ ಸ್ಟಿಕ್ಕರಿಗೆ ಆ ಗುಣವಿಲ್ಲ. ಧೂಳು ಹಿಡಿದರೆ ಅಂಟುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಅಂಟುತ್ತದೆ. ಬಿಸಿಲಿಗೆ ನಿಂತ ಕಾರಿನ ಗಾಜಿನ ಮೇಲೇ ಬಿಟ್ಟರೆ ಗಡುಸಾಗಿ ಸುರುಟಿಕೊಳ್ಳುತ್ತದೆ, ಇಳಿಯುವಾಗ ಕಿತ್ತಿಡಿ. ಕಾಗದದ ಸ್ಟಿಕ್ಕರು ಗಾಜಿಗೆ ಬೇಡವೇ ಬೇಡ. ಓಡಿಸುವವರು ಪಕ್ಕಕ್ಕೆ ನೋಡುವ ದಾರಿಯಲ್ಲಿ ಯಾವುದನ್ನೂ ಅಂಟಿಸಬಾರದು.

ಮೇಣ ಸವರಿದ ದಾರದ ಕಡ್ಡಿಗಳು, ವಿಕ್ಕಿ ಸ್ಟಿಕ್ಸ್ ಎಂಬ ಹೆಸರಿನಲ್ಲಿ ಬರುವಂಥವು, ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಳ್ಳೆಯ ಸಾಮಾನು. ಬಾಗಿಸಿದ ಹಾಗೆ ನಿಲ್ಲುತ್ತವೆ, ಟ್ರೇಗೆ ಅಂಟುತ್ತವೆ, ಉರುಳುವುದಿಲ್ಲ. ಹನ್ನೆರಡು ಕಡ್ಡಿ ಸಾಕು. ಬಟ್ಟೆಯ ಜೊಂಡು ಹತ್ತಿ ಕೊಳೆಯಾದಾಗ ಎಸೆಯಬೇಕಾಗುತ್ತದೆ, ಅಷ್ಟೇ ಅದರ ಕೊರತೆ.

ಬಣ್ಣದ ಕಡ್ಡಿಗಳಲ್ಲಿ ತ್ರಿಕೋನಾಕಾರದವನ್ನೇ ಆರಿಸಿ, ದುಂಡನೆಯವು ಉರುಳುತ್ತವೆ. ಆರೇ ಬಣ್ಣ ಸಾಕು. ಮೇಣದ ಕ್ರೇಯಾನು 40 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ, 50 ದಾಟಿದರೆ ಕರಗುತ್ತದೆ. ಹೊರಗೆ 30 ಡಿಗ್ರಿ ಇರುವ ದಿನ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಸುಮಾರು 20 ಡಿಗ್ರಿ ಏರುತ್ತದೆ. ಊಟಕ್ಕೆ ಇಳಿದಾಗ ಸೀಟಿನ ಮೇಲೇ ಬಿಟ್ಟುಹೋದ ಕ್ರೇಯಾನು ಬಟ್ಟೆಯೊಳಕ್ಕೆ ಇಳಿದಿರುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟದ ಕೆಲಸ. ವೈಟ್‌ಬೋರ್ಡ್ ಮಾರ್ಕರುಗಳನ್ನು ಮುಚ್ಚಿದ ಕಾರಿನಲ್ಲಿ ತೆಗೆಯಲೇಬೇಡಿ. ಆ ವಾಸನೆಯೊಂದೇ ಹೊಟ್ಟೆ ತೊಳಸಲು ಸಾಕು.

ಸ್ಲೈಮ್, ಜೇಡಿಯಂಥ ಹಿಟ್ಟು, ಮಣಿ ಪೋಣಿಸುವ ಕಿಟ್, ಬಿಡಿಬಿಡಿ ಇಟ್ಟಿಗೆಗಳ ಆಟ: ನಾಲ್ಕಕ್ಕೂ ಬೇಡ ಎಂದೇ ಹೇಳುತ್ತೇವೆ. ಅಯಸ್ಕಾಂತದ ಆಟಗಳಲ್ಲಿ ಆಯ್ಕೆ ಬೇಕು. ರಬ್ಬರಿನಂತೆ ಬಾಗುವ ಚಪ್ಪಟೆ ಅಯಸ್ಕಾಂತದ ಚಿತ್ರಗಳು ಒಳ್ಳೆಯವು. ಪುಟ್ಟ ಬಿಲ್ಲೆಯಾಕಾರದ ಬಲವಾದ ಅಯಸ್ಕಾಂತ ಕೂರಿಸಿದ ಕಾಯಿಗಳು ಬೇಡ. ಎರಡನ್ನು ನುಂಗಿದರೆ ಕರುಳಿನ ಎರಡು ಮಡಿಕೆಗಳಲ್ಲಿ ನಿಂತು ಒಂದನ್ನೊಂದು ಎಳೆದು ನಡುವಿನ ಗೋಡೆಯನ್ನೇ ತೂತು ಮಾಡಬಲ್ಲವು.

ತಲೆ ತಗ್ಗಿಸಿದರೆ ಏನಾಗುತ್ತದೆ

ಮೇಲಿನ ಎಲ್ಲ ಸಾಮಾನಿಗೂ ಒಂದು ಸಮಯದ ಮಿತಿಯಿದೆ, ಅದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ಒಳಕಿವಿ ‘ನಾವು ಚಲಿಸುತ್ತಿದ್ದೇವೆ, ತಿರುಗುತ್ತಿದ್ದೇವೆ’ ಎನ್ನುತ್ತದೆ. ಮಡಿಲಲ್ಲಿ ನೆಟ್ಟ ಕಣ್ಣು ‘ಎಲ್ಲ ನಿಶ್ಚಲ’ ಎನ್ನುತ್ತದೆ. ಈ ಎರಡು ಸುದ್ದಿಗಳ ತಿಕ್ಕಾಟವೇ ಪ್ರಯಾಣದ ವಾಕರಿಕೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ, ಎರಡರಿಂದ ಹನ್ನೆರಡರವರೆಗೆ ಹೆಚ್ಚು. ಆಟಿಕೆ ಕಂಪನಿಗಳು ಗುರಿಯಿಟ್ಟಿರುವ ವಯಸ್ಸೂ ಸರಿಯಾಗಿ ಅದೇ.

ಆದ್ದರಿಂದ ನೇರ ರಸ್ತೆಯಲ್ಲಿ ಕೆಳನೋಟದ ಆಟ ಒಂದು ಸಲಕ್ಕೆ 10–15 ನಿಮಿಷ, ಆಮೇಲೆ ಕಿಟಕಿ ನೋಡುವ ಅಥವಾ ಕೇಳುವ ಆಟ. ತಿರುವಿನ ರಸ್ತೆ ಬರುವುದಕ್ಕೆ ಮೊದಲೇ ಟ್ರೇ ಖಾಲಿ ಮಾಡಿ. ಮಗು ಆಕಳಿಸುವುದು, ಇದ್ದಕ್ಕಿದ್ದಂತೆ ಸುಮ್ಮನಾಗುವುದು, ಮುಖ ಬಿಳಿಚಿಕೊಳ್ಳುವುದು, ಹಣೆ ತಣ್ಣಗೆ ಬೆವರುವುದು ಇವು ಮುನ್ಸೂಚನೆಗಳು. ‘ಎಷ್ಟು ಚೆನ್ನಾಗಿ ಸುಮ್ಮನೆ ಕೂತಿದೆ’ ಎಂದು ಮುಂದಿನವರು ಸಂತೋಷಪಡುವ ಹೊತ್ತಿಗೆ ಹಿಂದೆ ಹೊಟ್ಟೆ ತೊಳಸುತ್ತಿರುತ್ತದೆ. ಆಗ ಆಟಿಕೆ ತೆಗೆದು, ಗಾಳಿ ಬಿಟ್ಟು, ದೂರದ ರಸ್ತೆ ನೋಡಲು ಹೇಳಿ, ಆದಷ್ಟು ಬೇಗ ನಿಲ್ಲಿಸಿ.

ಕೇಳುವ ಸಾಮಾನು: ನಮ್ಮ ಮೊದಲ ಆಯ್ಕೆ

ಎರಡೂ ಪ್ರಶ್ನೆಗೆ ಪೂರ್ತಿ ಅಂಕ ಪಡೆಯುವುದು ಕಥೆ ಕೇಳಿಸುವ ಪೆಟ್ಟಿಗೆ. ಕಥೆ ಹಚ್ಚಿದ ಮೇಲೆ ಬೀಳಲು ಏನಿಲ್ಲ, ತಲೆ ತಗ್ಗಿಸಬೇಕಿಲ್ಲ, ಕತ್ತಲಲ್ಲೂ ನಡೆಯುತ್ತದೆ, ಇಬ್ಬರು ಮಕ್ಕಳಿದ್ದರೆ ಒಂದೇ ಸಾಕು. ಜರ್ಮನಿಯಲ್ಲಿ 2016ರಲ್ಲಿ ಬಂದ ಟೋನಿಬಾಕ್ಸ್ ಮೆತ್ತನೆಯ ಘನಾಕೃತಿ. ಮೇಲೆ ಪುಟ್ಟ ಗೊಂಬೆ ಇಟ್ಟರೆ ಕಥೆ ಶುರು, ಪಕ್ಕಕ್ಕೆ ತಟ್ಟಿದರೆ ಮುಂದಿನ ಭಾಗ. ಮೂರು ವರ್ಷದ ಮಗು ಯಾರ ಸಹಾಯವೂ ಇಲ್ಲದೆ ನಡೆಸುತ್ತದೆ. ಬ್ಯಾಟರಿ ಸುಮಾರು ಏಳು ಗಂಟೆ ಎಂದು ಕಂಪನಿ ಹೇಳುತ್ತದೆ. ಯೋಟೋ ಎಂಬುದು ಕಾರ್ಡು ತೂರಿಸಿ ಕೇಳುವ ಬಗೆಯದು. ಕಾರ್ಡುಗಳು ಚಪ್ಪಟೆಯಾದ್ದರಿಂದ ಹತ್ತು ಕಥೆ ಒಂದು ಜೇಬಿನಲ್ಲಿ ಹಿಡಿಸುತ್ತವೆ. ಕಾರಿನ ಮಟ್ಟಿಗೆ ನಾವು ಕಾರ್ಡಿನ ಪರ, ಗೊಂಬೆಗಳು ಜಾಗ ತಿನ್ನುತ್ತವೆ ಮತ್ತು ಕೈಜಾರುತ್ತವೆ.

ಇವೆರಡರಲ್ಲೂ ಜನ ಮುಗ್ಗರಿಸುವುದು ಒಂದೇ ಕಡೆ. ಕಥೆ ಗೊಂಬೆಯಲ್ಲೂ ಇಲ್ಲ, ಕಾರ್ಡಿನಲ್ಲೂ ಇಲ್ಲ. ಅವು ಬರೀ ಬೀಗದ ಕೈ. ಮೊದಲ ಸಲ ಇಟ್ಟಾಗ ವೈಫೈ ಮೂಲಕ ಧ್ವನಿ ಪೆಟ್ಟಿಗೆಯೊಳಗೆ ಇಳಿಯಬೇಕು, ಆಮೇಲೆ ನೆಟ್‌ವರ್ಕ್ ಬೇಡ. ಹೊಸ ಗೊಂಬೆಯನ್ನು ಅಚ್ಚರಿಯ ಉಡುಗೊರೆಯಾಗಿ ಹೆದ್ದಾರಿಯಲ್ಲಿ ಬಿಚ್ಚಿದರೆ ಪೆಟ್ಟಿಗೆ ಮೌನವಾಗಿರುತ್ತದೆ, ಮಗುವಿಗೆ ನಿರಾಸೆಯಾಗುತ್ತದೆ. ಹೊರಡುವ ಹಿಂದಿನ ದಿನ ಪ್ರತಿಯೊಂದನ್ನೂ ಇಟ್ಟು, ಪೂರ್ತಿ ಇಳಿಯುವವರೆಗೆ ಕಾದು, ವೈಫೈ ಆರಿಸಿ ಒಮ್ಮೆ ನುಡಿಸಿ ನೋಡಿ.

ಎರಡನೆಯ ಕೊರತೆ ಭಾಷೆಯದು. ಕನ್ನಡದಲ್ಲಿ ಕಥೆ ಕೇಳಿ ಬೆಳೆಯುವ ಮಗುವಿಗೆ ಇಂಗ್ಲಿಷ್ ಕಥೆ ಒಂದು ಗಂಟೆ ಹಿಡಿಯುವುದಿಲ್ಲ. ಇದಕ್ಕೆ ಉತ್ತರ ಖಾಲಿ ಗೊಂಬೆ, ಖಾಲಿ ಕಾರ್ಡು. ಟೋನಿಯ ಕ್ರಿಯೇಟಿವ್ ಗೊಂಬೆಗೆ 90 ನಿಮಿಷದ ನಿಮ್ಮದೇ ಧ್ವನಿ ತುಂಬಬಹುದು. ಅಜ್ಜಿಯೋ ದೊಡ್ಡಪ್ಪನೋ ಹೇಳಿದ ಕಥೆ ಇದಕ್ಕೆ ಸರಿಯಾದ ಸರಕು. ಫ್ಯಾನ್ ಆರಿಸಿದ, ಪರದೆ ಹಾಸಿಗೆಗಳಿರುವ ಕೋಣೆಯಲ್ಲಿ ಕೂತು, ಫೋನನ್ನು ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ಹಿಡಿದು ಮಾತಾಡಿ. ನೇರ ಎದುರಿಗೆ ಹಿಡಿದರೆ ‘ಪ’, ‘ಫ’ ಬಂದಾಗ ಗಾಳಿ ಬಡಿದು ಧ್ವನಿ ಒಡೆಯುತ್ತದೆ. 8–10 ನಿಮಿಷದ ತುಣುಕುಗಳಾಗಿ ಮಾಡಿ. ಪಿಸುದನಿಯಲ್ಲಿ ಹೇಳುವ ಭಾಗಗಳನ್ನೂ ಸ್ವಲ್ಪ ಎತ್ತರಿಸಿಯೇ ಹೇಳಿ, ಚಕ್ರದ ಸದ್ದಿನಲ್ಲಿ ಮೆಲುದನಿ ಮುಳುಗಿಹೋಗುತ್ತದೆ. ಪೆಟ್ಟಿಗೆ ಕೊಳ್ಳುವ ಮನಸ್ಸಿಲ್ಲದಿದ್ದರೆ ಸಿಮ್ ತೆಗೆದ ಹಳೆಯ ಫೋನಿಗೆ ಇದೇ ಕಡತಗಳನ್ನು ಹಾಕಿ ಕಾರಿನ ಸ್ಪೀಕರಿಗೆ ಜೋಡಿಸಿ. ನಿಜ ಹೇಳಬೇಕೆಂದರೆ ಆರು ವರ್ಷ ದಾಟಿದವರಿಗೆ ಅಷ್ಟೇ ಸಾಕು. ಪೆಟ್ಟಿಗೆಯ ಬೆಲೆ ನಿಲ್ಲುವುದು ‘ನಾನೇ ಹಚ್ಚಿದೆ’ ಎನ್ನುವ ಮೂರು ನಾಲ್ಕು ವರ್ಷದವರ ಹೆಮ್ಮೆಯ ಮೇಲೆ.

ಹೆಡ್‌ಫೋನ್ ಬೇಕಾಗುವುದು ಒಬ್ಬರು ನಿದ್ದೆ ಮಾಡುವಾಗ ಇನ್ನೊಬ್ಬರು ಕೇಳಬೇಕೆಂದಾಗ. ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ‘85 ಡೆಸಿಬೆಲ್ ಮಿತಿ’ ಎಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಮಾಡಿರುವ ಮಾನದಂಡದಲ್ಲಿ ಮಕ್ಕಳಿಗೆ ಹೇಳಿರುವುದು ವಾರಕ್ಕೆ 40 ಗಂಟೆ, 75 ಡೆಸಿಬೆಲ್. ದೊಡ್ಡವರಿಗೇ 80. ಹಾಗಾಗಿ 85ರ ಚೀಟಿ ನೋಡಿ ನಿಶ್ಚಿಂತರಾಗಬೇಡಿ, ಮಿತಿಯನ್ನು ಇನ್ನೂ ತಗ್ಗಿಸಲು ಬರುವ ಮಾದರಿ ಹುಡುಕಿ. ಕಿವಿಯನ್ನು ಪೂರ್ತಿ ಮುಚ್ಚುವ ಮೆತ್ತೆ ಇದ್ದರೆ ಹೊರಗಿನ ಗದ್ದಲ ತಗ್ಗಿ ಮಗು ಸದ್ದು ಏರಿಸುವುದಿಲ್ಲ. ಇಲ್ಲೊಂದು ಇಕ್ಕಟ್ಟಿದೆ: ಚೈಲ್ಡ್ ಸೀಟಿನ ತಲೆಯ ಪಕ್ಕದ ರೆಕ್ಕೆಗಳಿಗೆ ದಪ್ಪ ಹೆಡ್‌ಫೋನ್ ತಗುಲಿ ತಲೆ ಮುಂದಕ್ಕೆ ಬಾಗುತ್ತದೆ. ಬಟ್ಟೆಯ ಪಟ್ಟಿಯೊಳಗೆ ತೆಳು ಸ್ಪೀಕರ್ ಕೂರಿಸಿದ ಬಗೆ ಅಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಗದ್ದಲ ತಡೆಯುವುದಿಲ್ಲ. ರೆಕ್ಕೆಯಿಲ್ಲದ ಬೂಸ್ಟರ್ (ಎತ್ತರಿಸಿ ಕೂರಿಸುವ ಸೀಟು) ಬಳಸುವ ದೊಡ್ಡ ಮಕ್ಕಳಿಗೆ ಕಿವಿ ಮುಚ್ಚುವ ಬಗೆ, ಪುಟ್ಟವರಿಗೆ ಕಾರಿನ ಸ್ಪೀಕರೇ ಒಳ್ಳೆಯದು. ವೈರು ಇರುವ ಬಗೆಯಲ್ಲಿ ವೈರು ಕುತ್ತಿಗೆಗೆ ಸುತ್ತದಂತೆ ಬೆನ್ನ ಹಿಂದಿನಿಂದ ತನ್ನಿ.

ಪರದೆ

ಟ್ಯಾಬು ಕೊಡಬೇಕೇ ಬೇಡವೇ ಎಂಬುದು ಪ್ರತಿ ಮನೆಯ ತೀರ್ಮಾನ. ಕೊಡುವುದಾದರೆ ಮಡಿಲಿಗೆ ಕೊಡಬೇಡಿ. ಹೆಡ್‌ರೆಸ್ಟಿನ ಹೋಲ್ಡರಿನಲ್ಲಿ, ಕಣ್ಣಿನ ಮಟ್ಟಕ್ಕೆ ಇರಲಿ. ತಲೆ ಎದ್ದಿರುತ್ತದೆ, ಅಂಚಿನಲ್ಲಿ ಕಿಟಕಿಯ ಚಲನೆಯೂ ಕಾಣುತ್ತದೆ. ಸ್ಪ್ರಿಂಗ್ ಹಿಡಿಕೆಯ ಹೋಲ್ಡರು ಹಾಕಲು ಸುಲಭ, ಕೆಟ್ಟ ರಸ್ತೆಯಲ್ಲಿ ಟ್ಯಾಬನ್ನು ಉಗುಳುವುದೂ ಸುಲಭ. ನಾಲ್ಕೂ ಮೂಲೆ ಹಿಡಿಯುವ, ಹೆಡ್‌ರೆಸ್ಟಿನ ಎರಡೂ ಕಂಬಿಗೆ ಸ್ಕ್ರೂ ಬಿಗಿಯುವ ಅಥವಾ ಚೀಲದಂತೆ ಟ್ಯಾಬನ್ನು ಒಳಗಿಟ್ಟು ಪಟ್ಟಿ ಸುತ್ತುವ ಮಾದರಿ ಮೇಲು. ಮುಂದಕ್ಕೆ ಚಾಚುವ ಉದ್ದ ತೋಳಿನ ಹೋಲ್ಡರು ಬೇಡ, ಗುದ್ದಿದಾಗ ಮಗುವಿನ ತಲೆ ಮುಂದಕ್ಕೆ ಬರುವ ದಾರಿಯಲ್ಲೇ ಅದು ಇರುತ್ತದೆ.

ಚಾರ್ಜಿನ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಹಳೆಯ ಕಾರುಗಳ ಯುಎಸ್‌ಬಿ ರಂಧ್ರ ಕೊಡುವುದು ಅರ್ಧ ಅಥವಾ ಒಂದು ಆಂಪಿಯರ್, ಎಂದರೆ 2.5ರಿಂದ 5 ವಾಟ್. ಪೂರ್ತಿ ಬೆಳಕಿನಲ್ಲಿ ವಿಡಿಯೋ ಓಡಿಸುವ ಟ್ಯಾಬು ಅದಕ್ಕಿಂತ ಹೆಚ್ಚು ತಿನ್ನುವುದರಿಂದ ವೈರು ಚುಚ್ಚಿದ್ದರೂ ಬ್ಯಾಟರಿ ಇಳಿಯುತ್ತಲೇ ಹೋಗುತ್ತದೆ. 12 ವೋಲ್ಟ್ ಸಾಕೆಟ್ಟಿಗೆ 18 ವಾಟ್ ಅಥವಾ ಹೆಚ್ಚಿನ ಚಾರ್ಜರ್ ಹಾಕಿ. ವಿಡಿಯೋಗಳನ್ನು ಮನೆಯಲ್ಲೇ ಇಳಿಸಿಕೊಂಡು, ಏರೋಪ್ಲೇನ್ ಮೋಡಿಗೆ ಹಾಕಿ ಒಂದೊಂದನ್ನೂ ತೆರೆದು ನೋಡಿ. ಐಪ್ಯಾಡಿನಲ್ಲಿ ‘ಗೈಡೆಡ್ ಆ್ಯಕ್ಸೆಸ್’, ಆ್ಯಂಡ್ರಾಯ್ಡಿನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯ ಹಾಕಿದರೆ ಮಗುವಿನ ಬೆರಳು ತಾಗಿ ಆಟ ಮುಚ್ಚಿಹೋಗುವುದಿಲ್ಲ. ಐಪ್ಯಾಡನ್ನು 35 ಡಿಗ್ರಿಯವರೆಗೆ ಬಳಸಬಹುದೆಂದು ಆಪಲ್ ಹೇಳುತ್ತದೆ. ನೇರ ಬಿಸಿಲು ಬಿದ್ದರೆ ಅದು ತಾನಾಗಿ ಮಂಕಾಗುತ್ತದೆ, ಇನ್ನೂ ಬಿಸಿಯಾದರೆ ಕೆಲಸ ನಿಲ್ಲಿಸುತ್ತದೆ. ಬಿಸಿಲು ಬೀಳುವ ಕಡೆಯ ಕಿಟಕಿಗೆ ಕಾಲುಚೀಲದಂತೆ ಬಾಗಿಲಿಗೆ ತೊಡಿಸುವ ಬಲೆಯ ಪರದೆ, ಅಲ್ಲಿಯ ನಿಯಮ ಒಪ್ಪುವುದಾದರೆ, ಹಾಕಿ. ರಬ್ಬರ್ ಬಟ್ಟಲು ಒತ್ತಿ ಅಂಟಿಸುವ ಪರದೆಗಳು ಬಿಸಿಗೆ ಕಳಚಿ ಮಗುವಿನ ಮೇಲೇ ಬೀಳುತ್ತವೆ.

ಚೀಲ ಕಟ್ಟುವುದು

ಐದು ಗಂಟೆಯ ದಾರಿಗೆ ಒಂದು ಮಗುವಿಗೆ ಇಷ್ಟು ಸಾಕು: ಟ್ರೇ ಒಂದು, ಸ್ಲೇಟು ಒಂದು, ನೀರಿನ ಪುಸ್ತಕ ಅಥವಾ ವಿನೈಲ್ ಸ್ಟಿಕ್ಕರಿನ ಎರಡು ಹಾಳೆ, ಮೇಣದ ದಾರ ಹನ್ನೆರಡು, ಎರಡು ಗಂಟೆಯಷ್ಟು ಕಥೆ, ಮಗು ಈವರೆಗೆ ನೋಡಿರದ ಒಂದು ಹೊಸ ಸಾಮಾನು. ಇವನ್ನೆಲ್ಲ ಮಗುವಿನ ಬಳಿ ಇಡದೆ ಮುಂದಿನ ಸೀಟಿನವರ ಕಾಲಬುಡದ ಚೀಲದಲ್ಲಿಡಿ. ಒಂದು ಒಳಗೆ ಬಂದ ಮೇಲೆ ಇನ್ನೊಂದು ಹೊರಗೆ. ಹೊರಟ ಕೂಡಲೇ ಏನನ್ನೂ ಕೊಡಬೇಡಿ. ಮೊದಲ ಅರ್ಧ ಮುಕ್ಕಾಲು ಗಂಟೆ ಕಿಟಕಿಯೇ ಸಾಕು, ಆಗಲೇ ಕೊಟ್ಟರೆ ಕೊನೆಯ ಗಂಟೆಗೆ ಚೀಲ ಬರಿದಾಗಿರುತ್ತದೆ. ಹೊಸ ಸಾಮಾನನ್ನು ಆ ಕೊನೆಯ ಗಂಟೆಗೇ ಕಾದಿಡಿ. ಎರಡು ಗಂಟೆಗೊಮ್ಮೆ ಕಾಲು ಗಂಟೆ ನಿಲ್ಲಿಸಿ, ಮಗು ಓಡಲಿ. ಯಾವ ಆಟಿಕೆಯೂ ಆ ಓಟಕ್ಕೆ ಬದಲಿಯಾಗದು.

ಚೀಲ ಬರಿದಾದ ಮೇಲೂ ನಡೆಯುವ ಆಟವೊಂದಿದೆ: ಹಿಂದಿನ ಪದದ ಕೊನೆಯ ಅಕ್ಷರದಿಂದ ಹೊಸ ಪದ ಹೇಳುವುದು. ಕನ್ನಡದಲ್ಲಿ ಇದು ‘ಬಾಳು’, ‘ಹಣ್ಣು’ ಎಂಬಲ್ಲಿ ಥಟ್ಟನೆ ನಿಂತುಬಿಡುತ್ತದೆ. ‘ಳ’, ‘ಣ’ಗಳಿಂದ ಶುರುವಾಗುವ ಪದ ಮಕ್ಕಳಿಗಿರಲಿ, ದೊಡ್ಡವರಿಗೂ ಸಿಗುವುದಿಲ್ಲ. ‘ಳ’ ಬಂದರೆ ‘ಲ’, ‘ಣ’ ಬಂದರೆ ‘ನ’ ಎಂದು ಮೊದಲೇ ಒಪ್ಪಿಕೊಂಡು, ಗುಣಿತ ಲೆಕ್ಕಕ್ಕಿಲ್ಲ ಎಂದಿಟ್ಟುಕೊಂಡರೆ ಅರ್ಧ ಗಂಟೆ ಜಗಳವಿಲ್ಲದೆ ಸಾಗುತ್ತದೆ. ನಾಲ್ಕು ವರ್ಷದವರಿಗೆ ಹಿಂದಿನ ಪದದ ಮೊದಲ ಅಕ್ಷರದಿಂದಲೇ ಶುರುವಾಗುವ ಪದ ಹೇಳುವ ರಿಯಾಯಿತಿ ಕೊಡಿ.

ತಲುಪಿದ ದಿನವೇ ನೀರಿನ ಪೆನ್ನನ್ನು ಖಾಲಿ ಮಾಡಿ, ಮುಚ್ಚಳ ತೆಗೆದು ಮಲಗಿಸಿಡಿ, ಪುಸ್ತಕವನ್ನು ತೆರೆದೇ ಒಣಗಿಸಿ. ಮುಚ್ಚಿಟ್ಟರೆ ಪೆನ್ನಿನ ತುದಿಗೆ ಕಪ್ಪು ಬೂಷ್ಟು ಹಿಡಿದು, ಹಾಳೆಗಳು ಒಂದಕ್ಕೊಂದು ಅಂಟಿ, ವಾಪಸು ಬರುವ ದಾರಿಗೆ ಎರಡೂ ಒದಗುವುದಿಲ್ಲ.